ಸೆಪ್ಟೆಂಬರಿನ ಅಗ್ಗದ ಟಿಕೆಟ್

ಕುವೈತಿನ ರಿಗ್ಗೈಯಲ್ಲಿರುವ ಮಗಳ ಮನೆಯ ಬಾಗಿಲಿಗೆ ದಿನಕ್ಕೆ ಒಂದಾದರೂ ರಟ್ಟಿನ ಪೆಟ್ಟಿಗೆ ಬರುತ್ತದೆ. ಬೆಳಿಗ್ಗೆ ಫೋನಿನ ಮೇಲೆ ಬೆರಳಾಡಿಸಿದರೆ ಸಂಜೆಯೊಳಗೆ ಬಾಗಿಲ ಗಂಟೆ ಬಡಿಯುತ್ತದೆ. ನಾನು ಬಂದು ಮೂರು ವಾರವಾಯಿತು. ಅಷ್ಟರಲ್ಲಿ ಏನೇನು ಬಂತು ಎಂದು ಕೇಳಬೇಡಿ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ, ಬೆಕ್ಕಿನ ಮುಖದ ಚಪ್ಪಲಿ, ಮೊಟ್ಟೆ ಬೇಯಿಸಲಿಕ್ಕೆಂದೇ ಒಂದು ಯಂತ್ರ! ನೀರು, ಪಾತ್ರೆ, ಒಲೆ ಮೂರೂ ಇರುವಾಗ ಮೊಟ್ಟೆಗೆ ಯಂತ್ರ ಯಾಕೆ ಎಂದರೆ ದೀಪ್ತಿ ನಗುತ್ತಾಳೆ. "ಅಮ್ಮಾ, ರಿಲ್ಯಾಕ್ಸ್. ಓನ್ಲಿ ತ್ರೀ ದಿನಾರ್." ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅವಳಿಗೆ ಬುದ್ಧಿ ಹೇಳಲು ಹೋದರೆ ನಮ್ಮ ಬಾಯಿ ಒಣಗುತ್ತದೆ, ಅಷ್ಟೆ.

ಮೊನ್ನೆ ಅವಳು ಕೆಲಸಕ್ಕೆ ಹೋಗಿದ್ದಾಗ ಸ್ವಲ್ಪ ದೊಡ್ಡ ಪೆಟ್ಟಿಗೆಯೇ ಬಂತು. ಚಾಕುವಿನಿಂದ ಟೇಪು ಸೀಳಿ ತೆರೆದೆ. ಹೊಸ ರಟ್ಟಿನ ವಾಸನೆ, ಬಿಸಿಲಿಗೆ ಕಾದ ಅಂಟಿನ ವಾಸನೆ, ಒಳಗೆಲ್ಲೋ ಸೋಪಿನ ಪರಿಮಳ. ಕೈಯಲ್ಲಿ ಚಾಕು ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ. ಇದೇ ರಿಗ್ಗೈಯಲ್ಲಿ, ಇಲ್ಲಿಂದ ನಾಲ್ಕು ಬೀದಿ ಆಚೆ, ನನ್ನ ಮಂಚದ ಅಡಿಯಲ್ಲೂ ಇದೇ ವಾಸನೆಯ ಪೆಟ್ಟಿಗೆ ಇತ್ತು. ಅದು ೧೯೯೦. ನನಗೆ ಇಪ್ಪತ್ತನಾಲ್ಕು, ನನ್ನ ಗಂಡ ಸದಾನಂದರಿಗೆ ಇಪ್ಪತ್ತೆಂಟು. ಈಗ ಬೆಕ್ಕಿನ ಚಪ್ಪಲಿ ತರಿಸುವ ಮಗಳು ಆಗ ನನ್ನ ಹೊಟ್ಟೆಯಲ್ಲಿದ್ದಳು.

ಆ ಕಾಲದಲ್ಲಿ ಕುವೈತಿಗೆ ಬಂದ ನಮ್ಮ ಕಡೆಯವರೆಲ್ಲ ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಜಮಿಯಾದಿಂದ, ಅಂದರೆ ಬಡಾವಣೆಯ ಸಹಕಾರಿ ಅಂಗಡಿಯಿಂದ, ಒಂದು ಗಟ್ಟಿ ಖಾಲಿ ಪೆಟ್ಟಿಗೆ ಕೇಳಿ ತಂದು ಮಂಚದ ಅಡಿಗೆ ದೂಡುವುದು. ಅದಕ್ಕೆ ಊರಿನ ಪೆಟ್ಟಿಗೆ ಎಂದು ಹೆಸರು. ಎರಡು ವರ್ಷಕ್ಕೊಮ್ಮೆ ರಜೆ. ಅಲ್ಲಿಯವರೆಗೆ ಸಂಬಳ ಬಂದಾಗಲೆಲ್ಲ ಏನಾದರೊಂದು ಅದರೊಳಗೆ ಬೀಳಬೇಕು: ಅತ್ತೆಗೆ ತಲೆನೋವಿನ ಹಸಿರು ತೈಲ, ಮಾವನಿಗೆ ಟಾರ್ಚು, ನೆರೆಮನೆಯವರಿಗೂ ಒಂದೊಂದು ಸೋಪು. ಕೊನೆಗೆ ಹಗ್ಗ ಬಿಗಿದು ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆಯುವುದು. ಗಲ್ಫಿನಿಂದ ಬಂದವನು ಬರಿಗೈಯಲ್ಲಿ ಮನೆ ಮೆಟ್ಟಿಲು ಹತ್ತಿದ್ದುಂಟೇ?

ಇವರ ಕೈಯಲ್ಲಿ ದುಡ್ಡು ಎಂದರೆ ಜರಡಿಯಲ್ಲಿ ನೀರು. ಹತ್ತಿರದ ಅರ್ದಿಯಾ ಬಡಾವಣೆಯ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ವಾರವಿಡೀ ಬೇರೆಯವರ ಸಾಮಾನು ಎಣಿಸಿ ಎಣಿಸಿ, ಶುಕ್ರವಾರದ ರಜೆಯ ಮುನ್ನಾದಿನ, ಗುರುವಾರ, ಅರ್ಧ ದಿನದ ಕೆಲಸ ಮುಗಿದದ್ದೇ ತಮ್ಮ ಸಾಮಾನು ಕೊಳ್ಳುವ ಹುಚ್ಚು ಹತ್ತುತ್ತಿತ್ತು. ಮೀಸೆಗೆ ಬಾಚಣಿಗೆ ತಾಗಿಸಿ, ಅತ್ತರು ಹಚ್ಚಿ, "ಯಲ್ಲಾ, ಹೊರಡು ಮಾರಾಯ್ತಿ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಸಿಟಿಗೆ ಹೋಗುವುದು, ಕ್ಯಾಸೆಟ್ ಅಂಗಡಿಯಲ್ಲಿ ಅರ್ಧ ಗಂಟೆ, ಹಳೇ ಸೂಕ್‌ನ, ಅಂದರೆ ಪೇಟೆಯ, ಗಲ್ಲಿಗಳಲ್ಲಿ ಎರಡು ಗಂಟೆ, ಆಮೇಲೆ ಒಬ್ಬರಿಗೊಂದು ಶವರ್ಮ, ಮಾವಿನ ಹಣ್ಣಿನ ಜ್ಯೂಸು. ನಮ್ಮ ವಯಸ್ಸಿನವರೆಲ್ಲ ಅಲ್ಲೇ ಸಿಗುತ್ತಿದ್ದರು. ಅವನ ವಾಚು ಇವನು ನೋಡುವುದು, ಇವನ ಟೂ-ಇನ್-ವನ್ ರೇಡಿಯೋದ ಬೆಲೆ ಅವನು ಕೇಳುವುದು. ಊರಲ್ಲಿ ಬಸ್ ಚಾರ್ಜಿಗೆ ಲೆಕ್ಕ ಹಾಕಿ ಬೆಳೆದ ಹುಡುಗರು. ಅವರಿಗೆ ಆ ದೀಪ, ಆ ಗಾಜಿನ ಕಪಾಟು ನೋಡಿದರೆ ಕಾಲು ತಾನಾಗಿ ನಿಲ್ಲುತ್ತಿತ್ತು. ನನಗೂ ಖುಷಿಯೇ, ಸುಳ್ಳು ಯಾಕೆ ಹೇಳಲಿ. ಆದರೆ ಕೊಳ್ಳುವಾಗ ಮಾತ್ರ ಇವರ ತೋಳು ಹಿಡಿದು ಎಳೆಯುತ್ತಿದ್ದೆ.

ನಾನು ಸಿಟಿಯ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಟೈಪಿಸ್ಟ್. ವಿಮಾನದ ದರ ನನಗೆ ಬಾಯಿಪಾಠ. ಶಾಲೆಗೆ ರಜೆ ಸಿಗುವ ಜುಲೈ, ಆಗಸ್ಟಿನಲ್ಲಿ ಎಲ್ಲರೂ ಊರಿಗೆ ಓಡುತ್ತಾರೆ, ದರ ಆಕಾಶಕ್ಕೆ ಏರುತ್ತದೆ. ಸೆಪ್ಟೆಂಬರ್ ಹದಿನೈದು ದಾಟಿತೋ, ಕಂಪೆನಿಯವರೇ ಕೈ ಹಿಡಿದು ಕರೆಯುತ್ತಾರೆ. ಇದು ಗೊತ್ತಿದ್ದೂ ಜುಲೈಯಲ್ಲಿ ಟಿಕೆಟ್ ತೆಗೆಯುವವರನ್ನು ನೋಡಿ ಟೈಪ್‌ರೈಟರ್ ಹಿಂದೆ ಕುಳಿತು ಒಳಗೊಳಗೇ ನಗುತ್ತಿದ್ದೆ.

ನಾನು ಬಸುರಿ ಎಂದು ಮೇ ತಿಂಗಳಲ್ಲಿ ಗೊತ್ತಾಯಿತು. ಜೂನ್ ಹೊತ್ತಿಗೆ ನೀರು ಕುಡಿದರೂ ವಾಂತಿ. ಹೊರಗೆ ಬೆಂಕಿ ಬಿಸಿಲು. ಇವರು ಒಂದೇ ಹಟ ಹಿಡಿದರು.

"ಜುಲೈಯಲ್ಲಿ ಹೊರಟುಬಿಡುವ ವಸಂತಿ. ಅಮ್ಮನ ಕೈಯ ಗಂಜಿ ಉಂಡ್ರೆ ಸರಿಯಾಗ್ತದೆ ನಿನಗೆ."

"ಜುಲೈಯಲ್ಲಾ? ದರ ಎಷ್ಟು ಅಂತ ಗೊತ್ತುಂಟಾ ನಿಮಗೆ? ಸೆಪ್ಟೆಂಬರಿನಲ್ಲಿ ಹೋದ್ರೆ ಉಳಿದ ದುಡ್ಡಿನಲ್ಲಿ ತೊಟ್ಟಿಲೂ ಬರ್ತದೆ, ಬಾಣಂತಿ ಮದ್ದೂ ಬರ್ತದೆ. ಬಯಕೆ ಇರುವುದು ಅಕ್ಟೋಬರಿನಲ್ಲಿ ಅಲ್ವಾ? ಈಗಲೇ ಹೋಗಿ ಎಂತ ಮಾಡುವುದು?"

ನಮ್ಮ ತುಳುನಾಡಿನಲ್ಲಿ ಏಳನೇ ತಿಂಗಳ ಸೀಮಂತಕ್ಕೆ ಬಯಕೆ ಎನ್ನುತ್ತೇವೆ. ಹೊಸ ಸೀರೆ ಉಡಿಸಿ, ತಲೆ ತುಂಬ ಮಲ್ಲಿಗೆ ಮುಡಿಸಿ, ತಿಂಡಿಗಳನ್ನೆಲ್ಲ ಬಡಿಸಿ, ಆಮೇಲೆ ಹುಡುಗಿಯನ್ನು ತವರಿಗೆ ಕಳಿಸುವುದು. ಚೊಚ್ಚಲ ಹೆರಿಗೆ ಅಮ್ಮನ ಮನೆಯಲ್ಲೇ ಆಗಬೇಕು. ನನ್ನ ಯೋಜನೆ ಹಾಗೆ ಪಕ್ಕಾ ಇತ್ತು.

ಆ ವಾರವೇ ಇವರು ಸೂಕ್‌ನಿಂದ ಪ್ಲಾಸ್ಟಿಕ್ ಮಲ್ಲಿಗೆಯ ಒಂದು ಮಾಲೆ ತಂದರು. ನೋಡಲು ಥೇಟು ಮಲ್ಲಿಗೆ, ಮೂಗಿಗೆ ಹಿಡಿದರೆ ಹೊಸ ಬಕೆಟಿನ ವಾಸನೆ. "ನಿನ್ನ ಬಯಕೆಗೆ" ಎಂದು ಹಲ್ಲು ಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಉಡುಪಿಯವರು ಮಾರಾಯರೇ ನಾವು! ಊರಿಗೆ ಊರೇ ಮಲ್ಲಿಗೆ ಕಟ್ಟಿ ಬದುಕುವ ಕಡೆಗೆ ಪ್ಲಾಸ್ಟಿಕ್ ಮಲ್ಲಿಗೆ ಹೊತ್ತುಕೊಂಡು ಹೋಗುವುದೇ? "ನಾಳೆಯೇ ಅಂಗಡಿಗೆ ವಾಪಸ್ ಕೊಡಿ" ಎಂದು ಕೂಗಾಡಿದೆ. ಊರಿನ ಪೆಟ್ಟಿಗೆಗೆ ಅಡ್ಡಡ್ಡ ಟೇಪು ಹಾಕಿದೆ. ಇನ್ನು ಒಂದು ಸೂಜಿಯೂ ಇದರೊಳಗೆ ಹೋಗಬಾರದು, ಗುರುವಾರದ ತಿರುಗಾಟ ಖಲಾಸ್, ಸಂಬಳ ಸೀದಾ ಬ್ಯಾಂಕಿಗೆ ಎಂದು ಫರ್ಮಾನು ಹೊರಡಿಸಿದೆ. ಮರುದಿನ ಮಾಲೆ ಮನೆಯಲ್ಲಿರಲಿಲ್ಲ, ವಾಪಸ್ ಕೊಟ್ಟೆ ಎಂದರು. ಗೆದ್ದೆ ಎಂದುಕೊಂಡೆ.

ನಮ್ಮ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಮೈಸೂರಿನ ಕಮಲಕ್ಕ ಮತ್ತು ಅವರ ಗಂಡ ಇದ್ದರು. ಗಂಡ ನೀರು ಸರಬರಾಜಿನ ಎಂಜಿನಿಯರ್. ಅಡುಗೆಮನೆ ಇಬ್ಬರಿಗೂ ಒಂದೇ. ಕಮಲಕ್ಕನಿಗೆ ನಮ್ಮ ಜಗಳ ಎಂದರೆ ರೇಡಿಯೋ ನಾಟಕ. "ನೀನು ತುಂಬಾ ಬಿಗಿ ಕಣೆ ವಸಂತಿ. ಗಂಡಸು ಆಸೆಪಟ್ಟು ತಂದಿದ್ದನ್ನ ಹೀಗೆ ಮುಖಕ್ಕೆ ಎಸೀತಾರಾ?" ಎಂದಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಮಲಕ್ಕಾ ಎಂದು ನಾನು ಗಾದೆ ಒಗೆದು ಬಂದಿದ್ದೆ.

ಜುಲೈಯ ಸಂಬಳ ಬಂತು. ಇಬ್ಬರದೂ ಸೇರಿಸಿ ಬುಧವಾರ ಬ್ಯಾಂಕಿಗೆ ಹಾಕಿ ಬಂದೆ. ಕೈಯಲ್ಲಿ ಉಳಿಸಿಕೊಂಡದ್ದು ತರಕಾರಿಗೆ, ಬಸ್ಸಿಗೆ ಮಾತ್ರ. ಮರುದಿನ ಆಗಸ್ಟಿನ ಮೊದಲ ಗುರುವಾರ. ನಮ್ಮ ಹಳೇ ತಿರುಗಾಟದ ವಾರ. ಬೆಳಗಿನ ಜಾವ ಗುಡುಗಿನ ಹಾಗೆ ಸದ್ದಾಯಿತು. ಕುವೈತಿನಲ್ಲಿ ಆಗಸ್ಟ್ ತಿಂಗಳಲ್ಲಿ ಗುಡುಗೇ? ಕಿಟಕಿಯಿಂದ ನೋಡಿದರೆ ದೂರದಲ್ಲಿ ಕಪ್ಪು ಹೊಗೆ. ಕಟ್ಟಡದ ಈಜಿಪ್ಷಿಯನ್ ಕಾವಲುಗಾರ ಮೆಟ್ಟಿಲ ಬಳಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಇರಾಕಿನ ಸೈನ್ಯ ಒಳಗೆ ಬಂದಿತ್ತು.

ಒಂದು ವಾರದೊಳಗೆ ನಮ್ಮ ಬದುಕು ತಲೆಕೆಳಗಾಯಿತು. ನನ್ನ ಆಫೀಸು ಮುಚ್ಚಿತು, ಇವರ ಗೋದಾಮನ್ನು ಯಾರೋ ಲಾರಿ ತಂದು ಬರಿದು ಮಾಡಿದರು. ಬ್ಯಾಂಕು ಬಾಗಿಲು ಹಾಕಿತು. ಜಮಿಯಾದ ಕಪಾಟುಗಳಲ್ಲಿ ಉಪ್ಪು, ವಿನೆಗರ್, ಮತ್ತೆ ಯಾರಿಗೂ ಬೇಡವಾದ ಬೆಕ್ಕಿನ ಆಹಾರ. ಊರಿಗೆ ಫೋನು ಹೋಗುತ್ತಿರಲಿಲ್ಲ. ವಿಮಾನವೇ ಇಲ್ಲದ ಊರಿನಲ್ಲಿ ಅಗ್ಗದ ಟಿಕೆಟಿಗೆ ಕಾದು ಕುಳಿತ ಜಾಣೆ ನಾನು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ಪಾಸ್‌ಬುಕ್ಕನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಮಲಗುತ್ತಿದ್ದೆ.

ನನ್ನ ಹೆದರಿಕೆ ಒಂದೇ. ಎರಡು ತಿಂಗಳು ಕಳೆದರೆ ನನಗೆ ಏಳು ತುಂಬುತ್ತದೆ. ಅಷ್ಟು ತುಂಬಿದ ಬಸುರಿಯನ್ನು ವಿಮಾನಕ್ಕೆ ಹತ್ತಿಸುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಷ್ಟೋ ಹೆಂಗಸರಿಗೆ ಆ ಉತ್ತರವನ್ನು ನಾನೇ ಟೈಪು ಮಾಡಿ ಕಳಿಸಿದ್ದೆ. ಹೆಚ್ಚಿನ ನರ್ಸುಗಳು, ಡಾಕ್ಟರುಗಳು ಊರು ಬಿಡುತ್ತಿದ್ದರು. ಅಷ್ಟರೊಳಗೆ ಹೊರಡದಿದ್ದರೆ ನನ್ನ ಮಗು ಗುಂಡಿನ ಸದ್ದಿನ ನಡುವೆ, ಅಮ್ಮನ ಕೈಯಿಲ್ಲದೆ ಹುಟ್ಟಬೇಕು. ಅದಕ್ಕೆ ಕಾರಣ ನಾನೇ.

ರೊಟ್ಟಿಗೆ ಬೆಳಿಗ್ಗೆ ನಾಲ್ಕೂವರೆಗೇ ಸಾಲು. ಒಂದು ದಿನ ನಾನೂ ಇವರ ಜೊತೆ ಹೋದೆ. ಹೆಂಗಸರ ಸಾಲು ಸಣ್ಣದು, ನಾಲ್ಕು ಖುಬೂಸ್ ರೊಟ್ಟಿ ಹೆಚ್ಚು ಸಿಗುತ್ತದೆ ಎಂಬ ಆಸೆ. ನಿಂತು ನಿಂತು ಕಾಲು ಊದಿ, ದುಃಖ ಒತ್ತರಿಸಿ ಬಂತು. ಇವರತ್ತ ತಿರುಗಿ ಹೇಳಿಬಿಟ್ಟೆ.

"ಒಮ್ಮೆ ಬೈಯಿರಿ ನನಗೆ. ನಿಮ್ಮ ಮಾತು ಕೇಳಿದ್ರೆ ಈಗ ಅಮ್ಮನ ಮನೆಯಲ್ಲಿ ಇರ್ತಿದ್ದೆ. ನನ್ನಿಂದಲೇ ಅಲ್ವಾ ಇದೆಲ್ಲ?"

"ಬೈದ್ರೆ ರೊಟ್ಟಿ ಬೇಗ ಸಿಗ್ತದಾ?" ಎಂದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಾಲುದಾರಿಯ ಕಲ್ಲಿನ ಮೇಲೆ ಹಾಸಿದರು. "ಕೂತ್ಕೊ. ನಿನ್ನ ಜಾಗ ನಾನು ನೋಡ್ತೇನೆ."

ಹೆಂಗಸರ ಸಾಲಿನಲ್ಲಿ ಒಬ್ಬ ಗಂಡಸು! ಕಪ್ಪು ಅಬಾಯಾ ತೊಟ್ಟ ಹೆಂಗಸರೆಲ್ಲ ನಗತೊಡಗಿದರು. ಇವರು ಮೀಸೆ ತಿರುವುತ್ತ ನಿಂತೇ ಇದ್ದರು. ಆ ದಿನಗಳಲ್ಲಿ ನಾನು ನಕ್ಕದ್ದು ಅದೇ ಮೊದಲು.

ಆಗಸ್ಟಿನ ಕೊನೆಗೆ ಸುದ್ದಿ ಬಂತು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನವರೆಗೆ ಖಾಸಗಿ ಬಸ್ಸುಗಳು ಹೋಗುತ್ತಿವೆ, ಅಲ್ಲಿಂದ ಸರಕಾರ ವಿಮಾನದಲ್ಲಿ ಬೊಂಬಾಯಿಗೆ ಒಯ್ಯುತ್ತದೆ. ಇವರು ಓಡಿದರು. ಬಸ್ಸಿನವನು ಇವರ ಕೈಯಲ್ಲಿದ್ದ ನಾಲ್ಕು ನೋಟು ನೋಡಿ ಬೇಡವೆಂದು ತಲೆಯಾಡಿಸಿದನಂತೆ. ಈ ಕಾಗದದ ಬೆಲೆ ನಾಳೆ ಏನೋ ಯಾರಿಗೆ ಗೊತ್ತು, ಸಾಮಾನಿದ್ದರೆ ತಾ ಎಂದನಂತೆ. ಮನೆಗೆ ಬಂದವರೇ ನನ್ನ ಮುಖ ನೋಡಿದರು. ನಾನು ಮಂಚದ ಅಡಿಯಿಂದ ಊರಿನ ಪೆಟ್ಟಿಗೆಯನ್ನು ಎಳೆದು, ನಾನೇ ಹಾಕಿದ್ದ ಟೇಪನ್ನು ನಾನೇ ಕಿತ್ತೆ. ಟೂ-ಇನ್-ವನ್, ಎರಡು ವಾಚು, ಟಾರ್ಚುಗಳು, ಬ್ಲೇಡಿನ ಕಟ್ಟು, ಹಾಲಿನ ಪುಡಿ. ಒಂದೊಂದನ್ನು ತಂದ ದಿನವೂ ನಾನು ಬೈದಿದ್ದೆ. ಅವೇ ನಮಗೆ ಎರಡು ಸೀಟು ಕೊಡಿಸಿದವು. ಪಾಸ್‌ಬುಕ್ ತೋರಿಸಿದ್ದರೆ ಬಸ್ಸಿನವನು ಬೆವರು ಒರೆಸಿಕೊಳ್ಳಲು ಇಟ್ಟುಕೊಳ್ಳುತ್ತಿದ್ದನೋ ಏನೋ.

ಹೊರಡುವ ಹಿಂದಿನ ಮಧ್ಯಾಹ್ನ ಕಮಲಕ್ಕ ನನ್ನನ್ನು ತಮ್ಮ ಕೋಣೆಗೆ ಕರೆದರು. ಅವರ ಗಂಡನನ್ನು ನೀರಿನ ಸ್ಥಾವರದ ಕೆಲಸದಿಂದ ಬಿಡಲು ಸೈನ್ಯದವರು ಒಪ್ಪಿರಲಿಲ್ಲ, ಹಾಗಾಗಿ ಅವರು ಹೊರಡುವಂತಿರಲಿಲ್ಲ. ನೆಲಕ್ಕೆ ಚಾಪೆ ಹಾಸಿದ್ದರು. ಮಹಡಿಯ ಮೇಲಿನ ಮಲಯಾಳಿ ನರ್ಸು, ಎದುರು ಮನೆಯ ಪ್ಯಾಲೆಸ್ತೀನಿ ಅಜ್ಜಿ ಕುಳಿತಿದ್ದರು. ಕಾವಲುಗಾರನ ಹೆಂಡತಿ ಒಂದು ಹಿಡಿ ಖರ್ಜೂರ ತಂದಿದ್ದಳು.

"ಇದೆಂತ ಕಮಲಕ್ಕಾ? ನನಗೆ ಇನ್ನೂ ಐದು."

"ನಮ್ಮ ಕಡೆ ಐದನೇ ತಿಂಗಳಲ್ಲೇ ಹೂ ಮುಡಿಸ್ತೀವಿ ಕಣೆ. ನಿಮ್ಮೂರ ಶಾಸ್ತ್ರ ನಿಮ್ಮಮ್ಮ ಮಾಡ್ಲಿ, ನಮ್ಮೂರದ್ದು ನಾನು ಮಾಡ್ತೀನಿ. ಸುಮ್ನೆ ಕೂತ್ಕೋ."

ಹೂವು ಎಲ್ಲಿಂದ ತರುತ್ತೀರಿ ಎಂದು ಕೇಳುವಷ್ಟರಲ್ಲಿ ಇವರು ಕಮಲಕ್ಕನ ಬೀರುವಿನ ಮೇಲಿಂದ ಒಂದು ಸಣ್ಣ ಪೆಟ್ಟಿಗೆ ಇಳಿಸಿದರು. ಕಳ್ಳನ ಹಾಗೆ ನನ್ನ ಕಡೆ ನೋಡುತ್ತ ಮುಚ್ಚಳ ತೆರೆದರು. ಜೂನಿನಿಂದ ನನ್ನ ಕಣ್ಣು ತಪ್ಪಿಸಿ ತಂದದ್ದೆಲ್ಲ ಅದರೊಳಗಿತ್ತು. ಬಾದಾಮಿ, ಏಲಕ್ಕಿ, ಹಸಿರು ಗಾಜಿನ ಬಳೆ, ಹಸಿರು ಜಪಾನ್ ಸೀರೆ. ಎಲ್ಲದರ ಅಡಿಯಲ್ಲಿ ಆ ಪ್ಲಾಸ್ಟಿಕ್ ಮಲ್ಲಿಗೆ.

"ಅಂಗಡಿಗೆ ವಾಪಸ್ ಕೊಟ್ಟೆ ಅಂದಿದ್ರಿ!"

"ಕೊಡ್ಲಿಕ್ಕೆ ಹೋಗಿದ್ದೆ. ಅವ ಬೇರೆ ಗಿರಾಕಿಗೆ ತೋರಿಸಿದ. ಹೊಟ್ಟೆ ಉರಿದು ತಂದುಬಿಟ್ಟೆ."

ಕಮಲಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಬಾಡಿಗೆ ಇಲ್ಲದೆ ಎರಡೂವರೆ ತಿಂಗಳು ಕಳ್ಳಮಾಲು ಬಚ್ಚಿಟ್ಟವರು! ನಾನು ಸೀರೆ ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತೆ. "ಅಳಬೇಡ, ಹೊಟ್ಟೇಲಿರೋ ಮಗೂಗೆ ಕೇಳ್ಸತ್ತೆ" ಎಂದು ಕಮಲಕ್ಕ ನನ್ನ ತಲೆಗೆ ಆ ಮಾಲೆ ಮುಡಿಸಿದರು. ನರ್ಸು ಬಳೆ ತೊಡಿಸಿದಳು. ಪ್ಯಾಲೆಸ್ತೀನಿ ಅಜ್ಜಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಅರಬ್ಬಿಯಲ್ಲಿ ಏನೇನೋ ಹರಸಿದಳು. ಇದ್ದ ಸಕ್ಕರೆಯನ್ನೆಲ್ಲ ಹಾಕಿ ಕಮಲಕ್ಕ ಕೇಸರಿಬಾತ್ ಮಾಡಿದ್ದರು. ಆ ತಿಂಗಳಲ್ಲಿ ನಾನು ವಾಂತಿ ಮಾಡದೆ ಉಂಡದ್ದು ಅದನ್ನೇ.

ಬಸ್ಸಿನಲ್ಲಿ ಮೂರು ದಿನ. ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆ, ಧೂಳು, ನೀರಿಗೆ ನೂಕುನುಗ್ಗಲು. ಸುಖ ಇತ್ತು ಎಂದು ಹೇಳಲಾರೆ. ಆದರೆ ಯಾವ ಡೇರೆಗೆ ಹೋದರೂ ತಲೆಯಲ್ಲಿ ಹೂವು ಮುಡಿದ ಬಸುರಿಯನ್ನು ನೋಡಿ ಜನ ಸ್ವಲ್ಪ ಸರಿದು ಜಾಗ ಕೊಟ್ಟರು. ಬಾಡದ ಹೂವು, ಅದೂ ಒಂದು ಉಪಕಾರವೇ. ಆರನೇ ದಿನ ಪಟ್ಟಿ ಹಿಡಿದ ಅಧಿಕಾರಿ ಬಂದು, ಬಸುರಿಯರು, ಮಕ್ಕಳಿರುವ ತಾಯಂದಿರು ಮೊದಲು, ಗಂಡಸರು ಆಮೇಲೆ ಎಂದ. ನಾನು ಇವರ ತೋಳು ಹಿಡಿದು ಬಿಡಲಿಲ್ಲ. ನೀವಿಲ್ಲದೆ ಹತ್ತುವುದಿಲ್ಲ ಎಂದು ಮಗುವಿನ ಹಾಗೆ ಹಟ ಮಾಡಿದೆ. ಇವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಹೋಗು ಮಾರಾಯ್ತಿ. ಟಿಕೆಟ್ ಪುಕ್ಕಟೆ ಉಂಟು. ಇಷ್ಟು ಅಗ್ಗ ನಿನಗೆ ಸೆಪ್ಟೆಂಬರಿನಲ್ಲೂ ಸಿಗ್ಲಿಕ್ಕಿಲ್ಲ."

ಅದು ಸೆಪ್ಟೆಂಬರೇ ಆಗಿತ್ತು. ಅಳುತ್ತ ಇದ್ದವಳಿಗೆ ನಗು ಬಂತು. ನಗುತ್ತ ಅಳುತ್ತ ವಿಮಾನ ಹತ್ತಿದೆ.

ಬೊಂಬಾಯಿಯಿಂದ ಊರು ಮುಟ್ಟಿದಾಗ ಅಮ್ಮ ಬಾಗಿಲಲ್ಲಿ ನನ್ನನ್ನು ನೋಡಿದವಳೇ ಬಾಚಿ ತಬ್ಬಿಕೊಂಡಳು. ಆಮೇಲೆ ತಲೆ ಮುಟ್ಟಿ, "ಇದೆಂತ ಮಲ್ಲಿಗೆಯೇ, ವಾಸನೆಯೇ ಇಲ್ಲ?" ಎಂದಳು. ಇವರ ಸುದ್ದಿಯೇ ಇರಲಿಲ್ಲ. ಒಂದೊಂದು ದಿನ ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತ ಕಳೆಯಿತು. ಹನ್ನೊಂದನೇ ದಿನ ಬಂದರು. ಗಡ್ಡ ಬೆಳೆದು, ಹತ್ತು ಕಿಲೋ ಇಳಿದು, ಗುರುತೇ ಸಿಗದ ಹಾಗೆ. ಹೆಗಲ ಮೇಲೆ ಮಾತ್ರ ಒಂದು ರಟ್ಟಿನ ಪೆಟ್ಟಿಗೆ, ಹಗ್ಗ ಬಿಗಿದು ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆದದ್ದು. ಬೊಂಬಾಯಿಯಲ್ಲಿ ಯಾರೋ ದಾರಿ ಖರ್ಚಿಗೆ ಕೊಟ್ಟ ರೂಪಾಯಿಯಲ್ಲಿ ಮನೆಮಂದಿಗೆಲ್ಲ ಬಿಸ್ಕೆಟು, ಸೋಪು ತಂದಿದ್ದರು. "ಬರಿಗೈಯಲ್ಲಿ ಹ್ಯಾಗೆ ಬರುವುದು?" ಎಂದರು. ಎಷ್ಟು ಕೊಟ್ಟಿರಿ ಎಂದು ಕೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ನಮ್ಮ ಸಂಸಾರದಲ್ಲಿ ಅಂಥದ್ದು ಅದೇ ಮೊದಲು.

ಬಯಕೆ ಅಕ್ಟೋಬರಿನಲ್ಲೇ ಆಯಿತು, ನಿಜವಾದ ಮಲ್ಲಿಗೆಯಲ್ಲಿ. ನಾನು ಹಟ ಮಾಡಿ ಅದರ ಕೆಳಗೆ ಪ್ಲಾಸ್ಟಿಕ್ ಮಾಲೆಯನ್ನೂ ಮುಡಿದೆ. ಕಮಲಕ್ಕನೂ ಗಂಡನೂ ಕ್ಷೇಮವಾಗಿ ಮೈಸೂರು ಸೇರಿದ ಕಾಗದ ಡಿಸೆಂಬರಿನಲ್ಲಿ ಬಂತು. ಜನವರಿಯಲ್ಲಿ, ರೇಡಿಯೋದಲ್ಲಿ ಯುದ್ಧದ ಸುದ್ದಿ ಶುರುವಾದ ವಾರ, ದೀಪ್ತಿ ಹುಟ್ಟಿದಳು. ಅಮ್ಮನ ಕೈಗೇ ಹುಟ್ಟಿದಳು.

ಯುದ್ಧ ಮುಗಿದ ಮೇಲೆ, ಮೇ ತಿಂಗಳಲ್ಲಿ ಇವರನ್ನು ಕಂಪೆನಿ ವಾಪಸ್ ಕರೆಯಿತು. ಮಗುವಿಗೆ ನಾಲ್ಕೇ ತಿಂಗಳು. ಎಣ್ಣೆಬಾವಿಗಳು ಉರಿದು ಹಗಲೇ ಕತ್ತಲಾಗುತ್ತಿದೆ, ಒಣಹಾಕಿದ ಬನಿಯನ್ ಕಪ್ಪಾಗುತ್ತಿದೆ ಎಂದು ಬರೆಯುತ್ತಿದ್ದರು. ಆಗಸ್ಟಿನ ಮೊದಲ ವಾರ ಬರೆದ ಕಾಗದ ಮಾತ್ರ ನಾಲ್ಕೇ ಸಾಲು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. "ಬ್ಯಾಂಕ್ ತೆರೆದಿದೆ. ನೀನು ಹಾಕಿದ ಹಣ ಪೈಸೆ ಕಡಿಮೆಯಾಗದೆ ಇದೆ. ನೀನೇ ಜಾಣೆ, ಒಪ್ಪಿದೆ. ಅದರಿಂದ ತೆಗೆದು ಇದೇ ತಿಂಗಳು ಮಗುವನ್ನು ನೋಡಲು ಬರುತ್ತಿದ್ದೇನೆ, ದರ ಎಷ್ಟೆಂದು ಕೇಳಬೇಡ."

ಮೊನ್ನೆ ಸಂಜೆ ದೀಪ್ತಿ ಕೆಲಸದಿಂದ ಬಂದಾಗಲೂ ನಾನು ಆ ಪೆಟ್ಟಿಗೆಯ ಮುಂದೆಯೇ ಇದ್ದೆ. ಒಳಗೆ ಟಾರ್ಚು, ಶೇವಿಂಗ್ ಸೆಟ್ಟು, ಸೋಪು, ಮೊಣಕಾಲು ಬಿಸಿ ಮಾಡುವ ಪಟ್ಟಿ.

"ಅಮ್ಮಾ, ಅದು ಅಪ್ಪನಿಗೆ. ನೀನು ಮುಂದಿನ ವಾರ ಹೋಗುವಾಗ ತಗೊಂಡು ಹೋಗು, ಓಕೆ?"

"ನೀನು ಯಾವಾಗ ಬರುವುದು? ಅಪ್ಪ ಊರಿನಿಂದ ದಿನಾ ಫೋನಿನಲ್ಲಿ ಕೇಳುವುದು ಅದೊಂದೇ."

"ಡಿಸೆಂಬರ್‌ನಲ್ಲಿ ಫೇರ್ ಸಿಕ್ಕಾಪಟ್ಟೆ ಹೈ ಉಂಟು ಅಮ್ಮಾ. ಫೆಬ್ರವರಿಯಲ್ಲಿ ಹಾಫ್ ಆಗ್ತದೆ. ವೈ ವೇಸ್ಟ್? ಸ್ವಲ್ಪ ವೇಯ್ಟ್ ಮಾಡುವ."

ಮೊಟ್ಟೆಗೆ ಯಂತ್ರ ತರಿಸುವವಳು ಟಿಕೆಟ್ ಎಂದಾಗ ಥೇಟು ನನ್ನ ಮಗಳು! ನಾನು ಪೆಟ್ಟಿಗೆಯ ಮುಚ್ಚಳ ಮುಚ್ಚಿ ಅವಳ ಕಡೆ ದೂಡಿದೆ.

"ಇದನ್ನು ನಾನು ಹೊರುವುದಿಲ್ಲ. ನೀನೇ ತಂದು ಕೊಡು. ರಜೆ ಕೇಳು, ಮುಂದಿನ ವಾರ ನನ್ನ ಜೊತೆಗೇ ಬಾ."

"ಬಟ್ ಅಮ್ಮಾ, ನೆಕ್ಸ್ಟ್ ವೀಕ್ ಟಿಕೆಟ್ ಎಷ್ಟು ಆಗ್ತದೆ ಗೊತ್ತುಂಟಾ?"

"ಹೇಳ್ಬೇಡ," ಎಂದೆ. "ಈಗಲೇ ತೆಗಿ."